ಒಂದು ಚಿಟಿಕೆ ಹೊಗೆಸೊಪ್ಪಿಗೆ ಇಡೀ ಗುಡ್ಡ

ಅಮ್ಮನ ದವಡೆ ಬಾತುಕೊಂಡು ಗುಟುಕು ಸಾರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಲ್ಲಿನ ಡಾಕ್ಟರು, ಅಮೆರಿಕದ ಮೂಲನಿವಾಸಿಗಳಿಗೆಂದು ಸರ್ಕಾರ ಬಿಟ್ಟ ನಮ್ಮ ರಿಸರ್ವೇಶನ್ನಿಗೆ ಬರುವುದು ಮುಂದಿನ ವಾರ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಇಚಾಹ್ಪೆ ಬೇರು ತರಲು ಗುಡ್ಡ ಹತ್ತಿದೆ. ಅದನ್ನು ಅಗಿದರೆ ನಾಲಿಗೆ ಜುಮ್ಮೆಂದು ನೋವು ಸತ್ತೇಹೋಗುತ್ತದೆ. ನಮ್ಮ ಸುತ್ತ ನೇಗಿಲು ತಾಗದೆ ಉಳಿದ ಹುಲ್ಲುಗಾವಲು ಅದೊಂದೇ. ಮಿಕ್ಕದ್ದನ್ನೆಲ್ಲ ಬಿಳಿಯರ ಗೋಧಿ ನುಂಗಿದೆ.

ಹತ್ತಿ ನೋಡುತ್ತೇನೆ, ಗುಡ್ಡದ ತುಂಬ ಬರೀ ಗುಂಡಿ! ಕಿತ್ತೆಸೆದ ಇಚಾಹ್ಪೆಯ ನೇರಳೆ ಹೂಗಳು ಬಿಸಿಲಿಗೆ ಬಾಡಿ ಬಿದ್ದಿದ್ದವು. ನಡುವೆ ನನ್ನ ಚಿಕ್ಕಪ್ಪನ ಮಗ ವೆಂಡೆಲ್ ಬೇರಿನ ಚೀಲಗಳ ಬಾಯಿ ಕಟ್ಟುತ್ತಿದ್ದ.

"ಏನೋ ಇದು? ನಿನ್ನ ಕೈ ಸೇದಿಹೋಗ!"

"ಕೂಗಾಡ್ಬೇಡ ಮಾರ್ಸೆಲಕ್ಕ. ಔಷಧಿ ಕಂಪನಿಯೋರು ತೂಕ ಹಾಕಿ ತಗೋತಾರೆ. ನಾನ್ ಬಿಟ್ರೆ ಹೊರಗಿನೋರು ಕೀಳ್ತಾರೆ."

"ಕೀಳೋ ಮುಂಚೆ ಗಿಡನ ಕೇಳಿದ್ಯಾ?"

"ಕೇಳ್ದೆ ಇರ್ತೀನಾ? ಹೊಗೆಸೊಪ್ಪು ಇಟ್ಟೇ ಅಗೆದಿದ್ದು." ಮೊದಲ ಗುಂಡಿಯತ್ತ ಕೈ ತೋರಿಸಿದ. ಅದರ ಅಂಚಿನಲ್ಲಿ ಒಂದು ಚಿಟಿಕೆ ಹೊಗೆಸೊಪ್ಪು ಇತ್ತು, ಗಿಡ ಕೀಳುವ ಮೊದಲು ಅದರ ಅಪ್ಪಣೆ ಕೇಳಿ ನಮ್ಮವರು ಇಡುವ ಕಾಣಿಕೆ.

ನನಗೆ ಮೈಯೆಲ್ಲ ಉರಿದುಹೋಯಿತು.

"ಬೇಕಾದಷ್ಟು ಕೇಳೋಕೆ ಇಡೋ ಚಿಟಿಕೆ ಕಣೋ ಅದು, ಗುಡ್ಡ ಬೋಳ್ಸೋಕಲ್ಲ! ಒಬ್ಬಳಿಗೆ ಉಂಗುರ ತೊಡ್ಸಿ ಊರ ಹೆಣ್ಮಕ್ಳೆಲ್ಲ ನನ್ನೋರೇ ಅಂತೀಯಾ? ಬೀಜನೂ ಕಟ್ಟಿಲ್ಲ. ಮತ್ತೆ ಹುಟ್ಟೋಕೆ ಈ ಗುಂಡಿಗಳಿಗೆ ಏನ್ ಉದುರುತ್ತೆ, ನಿನ್ನ ಬುದ್ಧಿನಾ?"

ಅವನು ಹಲ್ಲು ಕಿರಿದ. ಬೇರು ಅಗೆಯಲು ತಂದಿದ್ದ ಸಲಾಕೆಯಿಂದ ಅವನ ತಲೆಗೇ ಒಂದು ಬಿಡೋಣವೆನಿಸಿತು. ಆದರೆ ಮನೆಯಲ್ಲಿ ಅಮ್ಮ ನರಳುತ್ತಿದ್ದಳು, ಗುಡ್ಡದಲ್ಲಿ ಎಷ್ಟು ಹುಡುಕಿದರೂ ಒಂದು ಗಿಡ ಸಿಗಲಿಲ್ಲ. ಮಾನ ಬಿಟ್ಟು ಅವನ ಚೀಲದಿಂದಲೇ ಒಂದು ಬೇರು ಕೇಳಿದೆ.

"ಒಂದ್ಯಾಕೆ, ಹಿಡಿ ತಗೋ. ದೊಡ್ಡಮ್ಮಂಗೆ ತಾನೆ?" ಎಂದು ಟ್ರಕ್ಕಿನಲ್ಲಿ ನನ್ನನ್ನು ಮನೆಗೆ ಕರೆತಂದು, ದೊಡ್ಡ ಉಪಕಾರ ಮಾಡಿದವನಂತೆ ಒಳಗೂ ಬಂದ.

ಅಮ್ಮ ಬೇರನ್ನು ಮೂಸಿದಳು. ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕಿಟಕಿಯಾಚೆ ಟ್ರಕ್ಕಿನ ತುಂಬ ಇದ್ದ ಚೀಲಗಳು ಕಣ್ಣಿಗೆ ಬಿದ್ದವು.

"ಗುಡ್ಡದಲ್ಲಿ ಎಷ್ಟು ಉಳ್ಸಿದೀಯೋ ಮಗಾ?"

ವೆಂಡೆಲ್ ಕೈಗೆ ಮೆತ್ತಿದ ಮಣ್ಣನ್ನು ಅಂಗಿಗೆ ಒರೆಸಿಕೊಂಡ.

ಅಮ್ಮ ಅವನ ಅಂಗೈ ಬಿಡಿಸಿ ಬೇರನ್ನು ಅದರೊಳಗಿಟ್ಟಳು.

"ಇದ್ನೂ ಹಾಕ್ಕೋ. ತೂಕ ಕಮ್ಮಿ ಆಗ್ಬಾರ್ದು."

ಆಮೇಲೆ ಬಾತ ದವಡೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಗೋಡೆಯ ಕಡೆಗೆ ತಿರುಗಿ ಮಲಗಿದಳು.