ಬೋರಿವಾಡಿಯ ಸೀಮೆ

"ಆ ನಂಬರ್ ನನ್ನ ಬಾಗಲಿಗಿ ಬರೀಬ್ಯಾಡ್ರಿ ಮೇಡಂ," ಎಂದು ಕೇಶರಬಾಯಿ ಬಾಗಿಲಿಗೆ ಅಂಗೈ ಅಡ್ಡ ಇಟ್ಟಳು. "ಇನ್ನೂರಾ ಹದಿಮೂರು ಕೆಳಗಿನ ಊರಿನ ನಂಬರ್. ನಾವು ಬೋರಿವಾಡಿಯವ್ರು."

ಭಾಲ್ಕಿಯಿಂದ ಮನೆಗಣತಿಗೆ ಬಂದಿದ್ದ ಪ್ರಣಾಲಿ ಟೀಚರ್ ಬಣ್ಣದ ಕುಂಚ ಹಿಡಿದು ನಿಂತೇ ಇದ್ದಳು. "ಆಯಿ, ಕಾಗದದಾಗ ಬೋರಿವಾಡಿ ಬೇಚಿರಾಗ್ ಅಂತ ಅದರಿ. ಜನಾನೇ ಇಲ್ಲದ ಊರು. ನಾ ಏನ್ ಮಾಡ್ಲಿರಿ?"

ಕೇಶರಬಾಯಿಗೆ ನಗುವೂ ಬಂತು, ಸಿಟ್ಟೂ ಬಂತು. ಔರಾದ ತಾಲೂಕಿನ ಈ ಗುಡ್ಡದ ಮೇಲೆ ಒಂದು ಕಾಲಕ್ಕೆ ಅರವತ್ತು ಮನೆಗಳಿದ್ದವು. ನಿಜಾಮರ ಕಾಲದಲ್ಲಿ ಪ್ಲೇಗು ಬಂದು ಊರು ಖಾಲಿಯಾದಾಗ ಯಾವನೋ ಗುಮಾಸ್ತ ಬೇಚಿರಾಗ್ ಎಂದು ಬರೆದುಕೊಂಡು ಹೋದ. ಎರಡೇ ವರ್ಷಕ್ಕೆ ನಾಲ್ಕು ಮನೆಯವರು ತಿರುಗಿ ಬಂದರು. ಬರೆದದ್ದನ್ನು ತಿದ್ದಲು ಮಾತ್ರ ಇವತ್ತಿನವರೆಗೆ ಯಾರಿಗೂ ಪುರುಸೊತ್ತಾಗಿಲ್ಲ. ಓಟಿಗೆ, ರೇಷನ್ನಿಗೆ ಎಲ್ಲಕ್ಕೂ ಕೆಳಗಿನ ಊರಿನ ಹೆಸರೇ. ಇಷ್ಟು ದಿನ ಹೇಗೋ ನಡೆಯಿತು. ಈ ಸಲವೂ ಜನರಿಲ್ಲದ ಊರೆಂದು ಬರೆದರೆ ಆಡು ಮೇಯುವ ಗಾಯರಾಣವೆಲ್ಲ, ಅದರೊಳಗಿನ ಗೋರಿಗಳ ಸಮೇತ, ಕೆಳಗಿನ ಊರಿಗೆ ಸೇರುತ್ತಿತ್ತು. ಅದನ್ನು ಸೋಲಾರ್ ಕಂಪನಿಗೆ ಕೊಡಿಸಲು ಆ ಊರಿನ ಮೆಂಬರ್ ನರಸಿಂಗರಾವ ತುದಿಗಾಲಲ್ಲಿ ನಿಂತಿದ್ದ.

ಅವನೂ ಟೀಚರ್ ಹಿಂದೆಯೇ ಬಂದಿದ್ದ. "ನಾಕು ಮನಿಗಿ ಊರಂತಾರೇನು? ಊರಂದ್ರ ಸೀಮಿ ಬೇಕು. ಎಲ್ಲಿ ಅದ ನಿನ್ನ ಸೀಮಿ?"

"ತೋರಸ್ತೇನಿ ಬರ್ರಿ," ಎಂದು ಕೇಶರಬಾಯಿ ಕುಡುಗೋಲು ತೆಗೆದುಕೊಂಡಳು.

ಪಕ್ಕದ ಮನೆಯ ಮಹಮೂದಾ ಬೇಗಂ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. "ನಾನೂ ಬರ್ತೇನಿ. ನಮ್ಮವ್ರ ಗೋರಿ ಅಲ್ಲೇ ಅದ."

ಕೇಶರಬಾಯಿಯ ಮಾವ ತರಾಳ, ಊರ ಚಾಕರಿಯವನು. ಸೀಮೆಯ ಜಗಳ ಬಂದರೆ ಆ ನೆಲದ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ಸೀಮೆ ನಡೆದು ತೋರಿಸುವುದು ಅವನ ಪಾಲಿಗೆ ಬಂದಿತ್ತು. ಸುಳ್ಳು ನಡೆದರೆ ವಂಶ ಉಳಿಯದೆಂಬ ನಂಬಿಕೆ. ನಡೆದು ಮುಗಿಸಿದ ಮೇಲೆ ಪಂಚರು ಮರದ ನೆರಳಿಗೆ ಕೂರುತ್ತಿದ್ದರು, ಅವನು ಬಿಸಿಲಲ್ಲೇ ನಿಲ್ಲುತ್ತಿದ್ದ. ಸಾಯುವ ಮುಂಚೆ ಸೊಸೆಯನ್ನು ಕರೆದುಕೊಂಡು ಹೋಗಿ ಒಂದೊಂದೂ ಸೀಮೆಗಲ್ಲನ್ನು ತೋರಿಸಿದ್ದ.

ಮೊದಲ ಕಲ್ಲು ಬಾರಿಹಣ್ಣಿನ ಮುಳ್ಳುಕಂಟಿಯೊಳಗೆ ಸಿಕ್ಕಿತು. ಎರಡನೆಯದು ಹಳ್ಳದ ದಂಡೆಯಲ್ಲಿತ್ತು. ಮೂರು ಊರುಗಳು ಕೂಡುವಲ್ಲಿ ಏನೂ ಕಾಣಲಿಲ್ಲ. ಕೇಶರಬಾಯಿ ಕುಳಿತು ಕುಡುಗೋಲಿನಿಂದ ಕೆದರಿದಳು. ಮೊಳದಾಳ ಕೆದರಿದ ಮೇಲೆ, ಊರಿಗೊಂದರಂತೆ ಮೂರು ಗೆರೆ ಕೊರೆದ ಕಲ್ಲು ತಲೆ ತೋರಿತು. ಪ್ರಣಾಲಿ ಬಗ್ಗಿ ಬೆರಳಾಡಿಸಿ ನೋಡಿದಳು.

"ಕಲ್ಲು ಯಾರರೆ ಹುಗದಿರ್ತಾರ," ನರಸಿಂಗರಾವ ನಕ್ಕ. "ನಿಮ್ಮ ಮಾವ ಹೆಂಟಿ ಹೊತ್ತು ನಡೀತಿದ್ದ. ನೀನೂ ಹೊತ್ತು ನಡಿ, ನಂಬ್ತೇನಿ."

ಕೇಶರಬಾಯಿಗೆ ಮೈಯೆಲ್ಲ ಉರಿಯಿತು. ಬಗ್ಗಿ ಎರಡು ಮುಷ್ಟಿಯಷ್ಟು ದೊಡ್ಡ ಕರಿಹೆಂಟೆ ಎತ್ತಿದಳು.

"ಆಯಿ, ಬ್ಯಾಡ್ರಿ!" ಎಂದಳು ಪ್ರಣಾಲಿ.

ಕೇಶರಬಾಯಿ ಅದನ್ನು ನರಸಿಂಗರಾವನ ಮುಂದೆ ಹಿಡಿದಳು. "ನಾವು ಬೌದ್ಧರಾದ ದಿನಾನೇ ಇದನ್ನ ತಲಿ ಮ್ಯಾಲಿಂದ ಇಳಿಸೀವಿ. ಇದನ್ನ ಹೊರದೇನೇ ನನ್ನ ಮಾತು ನಂಬಬೇಕು. ಈ ನೆಲ ನಿಂದು ಅಂತೀ ಅಲ್ಲ? ತಗೋ. ನಿನ್ನ ತಲಿ ಮ್ಯಾಲ ಇಟ್ಕೋ. ನಿನ್ನ ಮಕ್ಕಳ ಹೆಸರು ಹೇಳಿ ನಡಿ."

ಇಷ್ಟು ವರ್ಷದಲ್ಲಿ 'ರಿ' ಹಚ್ಚದೆ ಅವನೊಂದಿಗೆ ಒಂದು ಮಾತೂ ಆಡಿದವಳಲ್ಲ.

ನರಸಿಂಗರಾವನ ಕೈ ಮುಂದೆ ಬರಲಿಲ್ಲ. "ಇದೆಲ್ಲ ಮೂಢನಂಬಿಕಿ," ಎಂದ.

"ಹಂಗಿದ್ರ ಹೊರಾಕ ಅಂಜಿಕಿ ಯಾಕ?" ಮಹಮೂದಾ ಬೇಗಂ ಕೇಳಿದಳು.

ಪ್ರಣಾಲಿ ಹೊಸ ಹಾಳೆ ತಿರುವಿದಳು. ಮೇಲೆ ಬೋರಿವಾಡಿ ಎಂದು ಬರೆದಳು. ವಾಸದ ಮನೆ ನಾಲ್ಕು, ಸೀಮೆ ಖುದ್ದು ನಡೆದು ನೋಡಿದ್ದೇನೆ ಎಂದು ಬರೆದು ಸಹಿ ಹಾಕಿದಳು. "ಮ್ಯಾಲಿನವ್ರು ಏನ್ ಮಾಡ್ತಾರ ಗೊತ್ತಿಲ್ರಿ ಆಯಿ. ನಾ ಅಂತೂ ನೋಡಿದ್ದು ಬರದೀನಿ."

ನರಸಿಂಗರಾವ ಕಲ್ಲು ದಾಟಿ ತನ್ನ ಊರಿನ ಕಡೆ ಇಳಿದ. ಅವನು ಮರೆಯಾಗುವವರೆಗೂ ಕೇಶರಬಾಯಿ ಕೈ ಚಾಚಿಯೇ ನಿಂತಿದ್ದಳು. ಆಮೇಲೆ ಹೆಂಟೆಯನ್ನು ಎತ್ತಿದ ಜಾಗದಲ್ಲೇ ಇಟ್ಟು, ಕಾಲಿನಿಂದ ಒತ್ತಿದಳು.