ಕ್ರೇನಿನ ಗಂಟೆ

ನಾಲ್ಕು ವರ್ಷ ಉಕ್ಕಿನ ತೊಲೆಗಳನ್ನು ಎತ್ತಿಳಿಸಿದ ಕ್ರೇನಿನ ಕುರ್ಚಿಯನ್ನು ಮಿಲ್ಕಾ ಇವತ್ತು ಮೈದುನನಿಗೆ ಬಿಟ್ಟುಕೊಟ್ಟು, ಅವನ ಬೆನ್ನ ಹಿಂದೆ ನಿಂತಿದ್ದಳು. ಅಮೆರಿಕದ ಗ್ಯಾರಿ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಇದು ಅವಳ ಕೊನೆಯ ದಿನ. ‘ಗಂಡಸರು ಯುದ್ಧ ಮುಗಿಸಿ ಬರುವವರೆಗೆ ಮಾತ್ರ’ ಎಂಬ ಕಾಗದಕ್ಕೆ ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಅವಳೇ ಸಹಿ ಹಾಕಿದ್ದಳು. ಗಂಡ ಈವೊ ಬರುತ್ತಾನೆಂಬ ಧೈರ್ಯ ಆಗ. ಈವೊ ಇಟಲಿಯಲ್ಲಿ ಮಣ್ಣಾದ. ಬಂದವನು ಅವನ ತಮ್ಮ ಟೋಮೊ. ಅವನು ಬಂದನೆಂದು ಎಲ್ಲರಿಗಿಂತ ಹೆಚ್ಚು ಅತ್ತು ನಕ್ಕವಳೂ ಇವಳೇ. ಇನ್ನು ಯಾರ ಮೇಲೆ ಸಿಟ್ಟು ಮಾಡುವುದು?

“ಗಂಟೆ ಒತ್ತು ಟೋಮೊ. ಜನರ ತಲೆ ಮೇಲೆ ತೊಲೆ ಹೋಗೋ ಮುಂಚೆ ಗಂಟೆ.”

ಮೂರು ದಿನ ಅವನು ನಿಂತು ನೋಡಿ ಕಲಿತಿದ್ದ. ಗಂಟೆ ಹೊಡೆದಾಗಲೆಲ್ಲ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದ. ಹೊಸಬರಿಗೆ ಎತ್ತರದ ಭಯ ಇದ್ದದ್ದೇ ಎಂದು ಮಿಲ್ಕಾ ಸುಮ್ಮನಿದ್ದಳು. ಈಗ ಅವನ ಕಾಲು ಗಂಟೆಯ ಪೆಡಲಿನ ಮೇಲೆ ಬಿತ್ತು, ಏಳಲೇ ಇಲ್ಲ, ಗಂಟೆ ಒಂದೇ ಸಮನೆ ಹೊಡೆಯಿತು. ಕೈ ಸನ್ನೆಗೋಲಿಗೆ ಅಂಟಿಕೊಂಡಿತ್ತು. ಕೆಳಗೆ ಕೊಕ್ಕೆ ಹಾಕುವ ಮುದುಕ ಮಿರ್ಕೊ ಅಂಗೈ ಎತ್ತಿ ‘ನಿಲ್ಲಿಸು’ ಎನ್ನುತ್ತಿದ್ದಾನೆ, ತೊಲೆ ಅವನತ್ತಲೇ ತೂಗಿಕೊಂಡು ಹೋಗುತ್ತಿದೆ.

ಮಿಲ್ಕಾ ಮೈದುನನ ಹೆಗಲ ಮೇಲಿಂದ ಬಗ್ಗಿ, ಅವನ ಬೆರಳು ಬಿಡಿಸಿ, ತೊಲೆಯನ್ನು ನಿಧಾನ ಇಳಿಸಿದಳು. ಕೆಳಗಿನಿಂದ ಮಿರ್ಕೊ ಟೋಪಿ ಬೀಸಿದ. ಆ ಧೂಳಿನಲ್ಲಿ ಅವನಿಗೆ ಕಂಡದ್ದು ಕುರ್ಚಿಯಲ್ಲಿ ಕೂತ ಟೋಮೊ ಮಾತ್ರ.

“ಯುದ್ಧದ ಹಡಗಲ್ಲಿ ಹಿಂಗೇ ಗಂಟೆ ಹೊಡೀತಿತ್ತು ಅತ್ತಿಗೆ,” ಟೋಮೊ ಹೇಳಿದ. “ಆಮೇಲೆ ಬಾಂಬು. ಯಾರಿಗೂ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಆದರೂ ಮಿಲ್ಕಾ ಇಳಿದು ಹೋಗಿ ಮೇಸ್ತ್ರಿ ಹಾಲರನ್‌ಗೆ ಹೇಳಿದಳು. “ಅವನ ಕೈಲಾಗಲ್ಲ. ಗಂಟೆ ಕೇಳಿದ್ರೆ ಕೈಕಾಲು ಕಟ್ಟಿಹೋಗುತ್ತೆ. ಅವನಿಗೆ ನೆಲದ ಮೇಲೆ ಕೆಲಸ ಕೊಡಿ.”

ಹಾಲರನ್ ನಕ್ಕ. “ಈಗಿನ್ನೂ ಎಷ್ಟು ಚೆನ್ನಾಗಿ ಇಳಿಸಿದ, ನಾನೇ ನೋಡ್ದೆ.”

“ಇಳಿಸಿದ್ದು ನಾನು!”

“ಇಡೀ ವಾರ ನಿನ್ನಂಥವರು ಹನ್ನೊಂದು ಜನ ಬಂದ್ರು ಮಿಲ್ಕಾ. ಒಬ್ಬಳು ತನ್ನ ಜಾಗಕ್ಕೆ ಬಂದವನು ಕುಡುಕ ಅಂದ್ಲು, ಒಬ್ಬಳು ಕಣ್ಣು ಕಾಣಲ್ಲ ಅಂದ್ಲು. ನೀನು ಸ್ವಂತ ಮೈದುನನ ಮೇಲೇ ಹೇಳ್ತಿದೀಯಲ್ಲ, ಭಲೇ ಹೆಂಗಸು. ಬಿಲ್ಲೆ ಕೊಡು, ಮನೆಗೆ ನಡಿ.”

ಎದೆಯ ಮೇಲಿನ ನಂಬರಿನ ಬಿಲ್ಲೆಯನ್ನು ಬಿಚ್ಚಿ ಕೊಟ್ಟಳು. ಬಿಲ್ಲೆ ಇಲ್ಲದವರು ಕ್ರೇನಿನ ಏಣಿ ಮುಟ್ಟುವಂತಿಲ್ಲ. ನಾಲ್ಕು ವರ್ಷದಲ್ಲಿ ಒಂದು ಉಗುರಿಗೂ ಏಟಾಗದಂತೆ ನಡೆಸಿದವಳ ಮಾತಿಗೆ ಆ ಬಿಲ್ಲೆಯಷ್ಟೂ ಬೆಲೆಯಿಲ್ಲ.

ನೇರ ಮಿರ್ಕೊ ಬಳಿ ಹೋಗಿ ಅವನ ತೋಳು ಹಿಡಿದಳು. “ಮಾಮ, ಕೊಕ್ಕೆ ಕೆಳಗೆ ನಿಲ್ಲಬೇಡ. ಗಂಟೆ ಕೇಳಿದ್ರೆ ಟೋಮೊ ಕೈ ಕಟ್ಟಿಹೋಗುತ್ತೆ.”

“ಮತ್ತೆಲ್ಲಿ ನಿಲ್ಲಲಿ ಮಗಳೇ? ನನ್ನ ಕೆಲಸವೇ ಅಲ್ಲಿ.” ಮುದುಕ ಅವಳ ಕೆನ್ನೆ ತಟ್ಟಿದ. “ಕುರ್ಚಿ ಬಿಡೋ ಸಂಕಟ ನಂಗೂ ಅರ್ಥವಾಗುತ್ತೆ. ಮನೇಗ್ಹೋಗಿ ಒಳ್ಳೆ ಸೂಪ್ ಮಾಡಿಡು, ಪಾಪ, ಹುಡುಗ ದಣಿದು ಬರ್ತಾನೆ.”

ಅಷ್ಟರಲ್ಲಿ ಮೇಲೆ ಗಂಟೆ ಹೊಡೆಯಿತು. ಒಂದೇ ಸಮನೆ ಹೊಡೆಯತೊಡಗಿತು. “ಹೊಸಬನ ಹುರುಪು ನೋಡ್ರೋ!” ಎಂದು ಕೆಳಗಿದ್ದವರು ನಕ್ಕರು. ಮಿರ್ಕೊ ಕೈಗವಸು ಸರಿಪಡಿಸಿಕೊಳ್ಳುತ್ತ ಕೊಕ್ಕೆಯತ್ತ ನಡೆದ. ಮಿಲ್ಕಾ ಕಿರುಚುತ್ತ ಏಣಿಗೆ ಓಡಿದಳು. ಏಣಿಯ ಬುಡದಲ್ಲಿದ್ದ ಕಾವಲುಗಾರ ಅವಳ ಎದೆ ನೋಡಿದ, ಬಿಲ್ಲೆ ಇರಲಿಲ್ಲ, ಅಡ್ಡ ಕೈಯಿಟ್ಟ.