ಗಾಸ್ಬಿ ಫೆನ್‌ನ ಐದು ಮತ

ಮೂರನೇ ಸಲ ಎಣಿಸಿದಾಗಲೂ ಅಂತರ ಐದೇ ಇತ್ತು. ಕ್ರೀಡಾಭವನದ ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ನಿಂತು ಚುನಾವಣಾಧಿಕಾರಿ ಜಿಲ್ಲಾ ಕೌನ್ಸಿಲ್‌ನ ಗಾಸ್ಬಿ ಫೆನ್ ವಾರ್ಡಿನ ಫಲಿತಾಂಶ ಓದಿದರು. ಡೈಲಿಸ್ ಪ್ರಾಥರೋ, ನಾನೂರ ಹನ್ನೆರಡು. ಹೆಡ್ಲಿ ಥರ್ಕೆಟಲ್, ನಾನೂರ ಏಳು.

ಇಪ್ಪತ್ನಾಲ್ಕು ವರ್ಷ ಆ ವಾರ್ಡಿನ ಕುರ್ಚಿಯಲ್ಲಿ ಕೂತಿದ್ದ ಹೆಡ್ಲಿ ಕೋಟಿಗೆ ಚುಚ್ಚಿದ್ದ ಪಕ್ಷದ ನೀಲಿ ರಿಬ್ಬನ್ ಹೂವನ್ನು ಕಿತ್ತು ಜೇಬಿಗೆ ತುರುಕಿಕೊಂಡು, ಗೆದ್ದವಳ ಕೈ ಕುಲುಕಲು ಹೋದ. ಪ್ರಾಥರೋ ವೇಲ್ಸ್ ಕಡೆಯವಳು, ನಿವೃತ್ತ ಮುಖ್ಯೋಪಾಧ್ಯಾಯಿನಿ. ಊರಿಗೆ ಬಂದು ಒಂಬತ್ತು ವರ್ಷವಾಗಿತ್ತಷ್ಟೇ.

"ಮಿಸ್ಟರ್ ಥರ್ಕೆಟಲ್, ನಿಮ್ಮನ್ನ ಎಬ್ಬಿಸಿ ಕೂತ್ಕೊಳ್ಳೋಕೆ ನಂಗೂ ಒಂಥರಾ ಆಗ್ತಿದೆ," ಎಂದಳು.

"ಇರ್ಲಿ ಬಿಡಿ ಮೇಡಂ. ಕುರ್ಚಿ ಗಟ್ಟಿಯಾಗಿದೆ. ಎಡಗಡೆ ಕಾಲು ಮಾತ್ರ ಸ್ವಲ್ಪ ಅಲ್ಲಾಡತ್ತೆ, ಹುಷಾರು."

ಸುತ್ತಲಿದ್ದವರು ನಕ್ಕರು. ಹೆಡ್ಲಿಯೂ ನಕ್ಕ. ನಗುತ್ತಲೇ ಹೊರಗೆ ನಡೆದ. ಎಲ್ಲಿಯೂ ನಿಲ್ಲದೆ ಕಾರಿನವರೆಗೆ ಹೋಗಿಬಿಟ್ಟರೆ ಸಾಕು ಅನ್ನಿಸುತ್ತಿತ್ತು ಅವನಿಗೆ.

ಕಾರಿನ ಪಕ್ಕದಲ್ಲಿ ತಮ್ಮ ವಿಲ್ಫ್ ನಿಂತಿದ್ದ. ಇಬ್ಬರ ನಡುವೆ ಆರು ತಿಂಗಳಿಂದ ಸರಿಯಾಗಿ ಮಾತಿರಲಿಲ್ಲ. ಸೋತ ದಿನವಾದರೂ ಬಂದನಲ್ಲ ಎಂದು ಹೆಡ್ಲಿ ಬಿರಬಿರನೆ ಹತ್ತಿರ ಹೋದ.

"ಐದು ವೋಟು ಕಣೋ ವಿಲ್ಫ್. ಯಾವ ಐದು ಜನ ಕೈ ಕೊಟ್ರೋ ಏನೋ."

"ಹೇಳ್ಲಾ? ನಾನು, ನೊರೀನ್, ಇಬ್ರು ಹುಡುಗ್ರು, ದೊಡ್ಡೋನ ಹೆಂಡ್ತಿ. ಬೆರಳು ಮಡಚಿ ನೋಡ್ಕೋ, ಸರಿಹೋಗತ್ತೆ. ನಮ್ಮೈದು ನಿಂಗೇ ಬಿದ್ದಿದ್ರೆ ಈ ಹೊತ್ತು ಆ ಹೂವು ಎದೆ ಮೇಲೇ ಇರ್ತಿತ್ತು."

ಹೆಡ್ಲಿ ಕಾರಿನ ಬಾಗಿಲಿಗೆ ಕೈ ಹಾಕಿದ.

"ಹಂದಿ ಸತ್ತಾಗ ನೀನು ಬರ್ಲಿಲ್ಲ," ಎಂದ ವಿಲ್ಫ್.

ಎರಡು ವರ್ಷದ ಹಿಂದೆ, ಊರ ಮೇಲ್ಗಡೆಯ ಹೊಲದಲ್ಲಿ ಎಂಬತ್ತು ಮನೆ ಕಟ್ಟುವ ಪ್ರಸ್ತಾಪಕ್ಕೆ ಹೆಡ್ಲಿ ಕೌನ್ಸಿಲ್‌ನಲ್ಲಿ ಕೈ ಎತ್ತಿದ್ದ. ಹೊಸ ಸಂಸಾರಗಳು ಬಂದರೆ ಊರ ಶಾಲೆ ಮುಚ್ಚುವುದಿಲ್ಲ ಎಂದು ನಿಜವಾಗಿಯೇ ನಂಬಿದ್ದ. ಮಳೆನೀರೆಲ್ಲ ನನ್ನ ಅಂಗಳಕ್ಕೇ ನುಗ್ಗುತ್ತದೆ ಎಂದು ವಿಲ್ಫ್ ಗೋಗರೆದಿದ್ದ. ಮನೆಗಳೆದ್ದವು, ಕಳೆದ ನವೆಂಬರಿನಲ್ಲಿ ಹಾಗೆಯೇ ಆಯಿತು. ಕಬ್ಬಿಣದ ಗೂಡುಗಳಲ್ಲಿ ಮರಿ ಹಾಕಲು ಮಲಗಿದ್ದ ನಲವತ್ತು ಹೆಣ್ಣುಹಂದಿಗಳು ಎದ್ದು ಓಡಲಾಗದೆ, ಅರಚಿ ಅರಚಿ, ಮುಳುಗಿ ಸತ್ತವು. ಕಂಬಿಯ ಬಾಗಿಲು ಎಳೆದು ಎಳೆದು ವಿಲ್ಫ್‌ನ ಉಗುರುಗಳು ಕಿತ್ತುಬಂದಿದ್ದವು. ಹೆಣಗಳನ್ನು ಹೊರಗೆಳೆಯಲು ಮೂರು ದಿನ ಹಿಡಿಯಿತು. ಅರ್ಧ ಮೈಲಿ ದೂರದಲ್ಲಿದ್ದ ಅಣ್ಣ ಒಂದು ದಿನವೂ ಬರಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಎಂದು ಮನೆಯೊಳಗೇ ಕೂತಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ.

"ಅದಕ್ಕೆ ಹೀಗೆ ಮಾಡೋದಾ? ಒಡಹುಟ್ಟಿದೋನಿಗೆ?"

"ಒಡಹುಟ್ಟಿದೋನು ಅನ್ನೋದು ನಿಂಗೆ ನಾಲ್ಕು ವರ್ಷಕ್ಕೊಂದ್ಸಲ ನೆನಪಾಗತ್ತೆ. ಮನೆಗೆ ಹೋಗಿ ಆಲೂಗಡ್ಡೆ ಬಿತ್ತು, ಮಾಜಿ ಕೌನ್ಸಿಲರೇ."

ಹೆಡ್ಲಿಯ ಮುಷ್ಟಿ ವಿಲ್ಫ್‌ನ ಬಾಯಿಗೆ ಬಿತ್ತು. ಇನ್ನೊಂದು ಗುದ್ದು ಮೂಗಿಗೆ. ಮೂಳೆ ಲಟಕ್ಕೆಂದದ್ದು ಇಬ್ಬರಿಗೂ ಕೇಳಿಸಿತು. ಭವನದ ಇಬ್ಬರು ನೌಕರರು ಓಡಿಬಂದು ಹೆಡ್ಲಿಯನ್ನು ಹಿಂದಕ್ಕೆಳೆದರು. ವಿಲ್ಫ್ ತಿರುಗಿ ಹೊಡೆಯಲಿಲ್ಲ. ಮುರಿದ ಹಲ್ಲನ್ನು ರಕ್ತದೊಂದಿಗೆ ಉಗಿದು ನಕ್ಕ.

"ನಂಗೆ ಹೊಡೆಯೋಕಾದ್ರೂ ಬಂದ್ಯಲ್ಲ, ಪುಣ್ಯಾತ್ಮ."

ಹೇಳಿ, ತನ್ನ ಗಾಡಿ ಹತ್ತಿ ಹೊರಟುಹೋದ. ಭವನದ ಬಾಗಿಲಲ್ಲಿ ಪ್ರಾಥರೋ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

ಹನ್ನೊಂದು ಮೈಲಿ ಕಾರು ಓಡಿಸುವಷ್ಟರಲ್ಲಿ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಆ ನಗು ಕಿವಿಯೊಳಗೆ ಕೂತುಬಿಟ್ಟಿತ್ತು. ಹೆಂಡತಿ ತೀರಿಕೊಂಡ ಮೇಲೆ ಹೆಡ್ಲಿಯನ್ನು ಕಾಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ಒಳಗೂ ಹೋಗದೆ ಟ್ರ್ಯಾಕ್ಟರ್ ಹತ್ತಿದ. ಆಲೂಗಡ್ಡೆ ಪೆಟ್ಟಿಗೆ ಎತ್ತುವ ಎರಡು ಕಬ್ಬಿಣದ ಕೋಡುಗಳನ್ನು ಮುಂದಕ್ಕೆ ಚಾಚಿಕೊಂಡು ನೇರ ತಮ್ಮನ ಅಂಗಳಕ್ಕೆ ಬಿಟ್ಟ.

ಗೇಟು ಮುರಿದು ಚಕ್ರದಡಿ ಮಡಚಿಕೊಂಡಿತು. ಹಂದಿ ಕೊಟ್ಟಿಗೆಯ ಗೋಡೆಗೆ ಕೋಡು ಹಾಯಿಸಿದ. ಇಟ್ಟಿಗೆ ಉದುರಿ ಧೂಳೆದ್ದಿತು. ಹಿಂದಕ್ಕೆ ತೆಗೆದು ಮತ್ತೆ ಹಾಯಿಸಿದ. ತಗಡಿನ ಚಾವಣಿ ಕುಸಿಯಿತು. ಹೊಸದಾಗಿ ತಂದಿದ್ದ ಹಂದಿಗಳ ಚೀರಾಟದಲ್ಲಿ ಎಂಜಿನ್ನಿನ ಸದ್ದೇ ಅಡಗಿತು. ಒಂದು ಹಂದಿ ಬೆನ್ನು ಮುರಿದು ಮುಂಗಾಲಲ್ಲೇ ತೆವಳುತ್ತಿತ್ತು.

ವಿಲ್ಫ್‌ನ ಗಂಡುಮಕ್ಕಳಿಬ್ಬರೂ ಸಂತೆಗೆ ಹೋಗಿದ್ದರು. ಅವನೊಬ್ಬನೇ ಹಾರೆ ಹಿಡಿದು ಓಡಿಬಂದು ಟ್ರ್ಯಾಕ್ಟರಿನ ಗಾಜಿಗೆ ಬೀಸಿದ. ಚೂರುಗಳು ಹೆಡ್ಲಿಯ ಕೆನ್ನೆಗೆ ನೆಟ್ಟುಕೊಂಡವು. ಹೆಡ್ಲಿ ಮೇಲಿನಿಂದಲೇ ಅವನ ಮೇಲೆ ಹಾರಿದ, ಹಾರೆ ಕಿತ್ತುಕೊಂಡ, ಅಡ್ಡ ಬಂದ ಬಲಗೈಗೆ ಅದನ್ನೇ ಇಳಿಸಿದ. ಮೊಣಕೈ ಬೇರೆ ದಿಕ್ಕಿಗೆ ತಿರುಗಿತು. ವಿಲ್ಫ್ ಅಷ್ಟಕ್ಕೆ ಬಿಡಲಿಲ್ಲ. ಅಣ್ಣನ ಹೆಬ್ಬೆರಳಿಗೆ ಹಲ್ಲು ಹಾಕಿ ಮೂಳೆಯವರೆಗೆ ಕಚ್ಚಿದ. ಅರವತ್ತೊಂದರವನು, ಐವತ್ತೇಳರವನು, ಇಬ್ಬರೂ ಕೆಸರಲ್ಲಿ ಉರುಳಾಡುತ್ತ ಅಂಗಳದಂಚಿನ ಕಾಲುವೆಗೆ ಜಾರಿದರು.

ಅಲ್ಲಿ ಹೆಡ್ಲಿಯ ಕೈ ಮೇಲಾಯಿತು. ತಮ್ಮನ ಬೆನ್ನ ಮೇಲೆ ಮಂಡಿಯೂರಿ, ಕತ್ತು ಹಿಡಿದು, ಮುಖವನ್ನು ನೀರಿಗೆ ಅದುಮಿದ. ವಿಲ್ಫ್‌ನ ಎಡಗೈ ಪಕ್ಕದ ಕೆಸರನ್ನು ಪಟಪಟ ಬಡಿಯಿತು. ಆಮೇಲೆ ಬಡಿತ ನಿಧಾನವಾಯಿತು. ಆಮೇಲೆ ನಿಂತಿತು. ನಿಂತದ್ದು ಹೆಡ್ಲಿಗೆ ಗೊತ್ತಾಯಿತು. ಗೊತ್ತಾಗಿಯೂ ಅದುಮುತ್ತಲೇ ಇದ್ದ.

ಮನೆಯಿಂದ ಓಡಿಬಂದ ನೊರೀನ್‌ಳ ಸಲಿಕೆ ಅವನ ಹೆಗಲಿಗೆ ಬಿತ್ತು. ಎರಡನೆಯದು ಎಡಗಿವಿಯ ಮೇಲೆ. ಅವನು ಪಕ್ಕಕ್ಕೆ ಬಿದ್ದ. ಅವಳು ಗಂಡನನ್ನು ದಡಕ್ಕೆಳೆದು, ಬಾಯೊಳಗಿನ ಕೆಸರನ್ನು ಬೆರಳಿಂದ ಬಳಿದು, ಉಸಿರು ಊದುತ್ತ, ನಡುನಡುವೆ ಬೈಯುತ್ತಿದ್ದದ್ದು ಹೆಡ್ಲಿಗೆ ಬಲಗಿವಿಯಲ್ಲಿ ಮಾತ್ರ ಕೇಳಿಸುತ್ತಿತ್ತು.

"ಉಸಿರಾಡೋ ಮುಂಡೇದೇ! ನನ್ನ ಒಬ್ಳನ್ನೇ ಬಿಟ್ಟು ಹೋಗ್ಬೇಡ, ಉಸಿರಾಡು!"

ವಿಲ್ಫ್ ಉಳಿದ. ಹತ್ತೊಂಬತ್ತು ದಿನ ಕೊಳವೆಯ ಮೂಲಕ ಉಸಿರಾಡಿದ. ಬಲಗೈ ಮತ್ತೆ ನೆಟ್ಟಗಾಗಲಿಲ್ಲ, ಧ್ವನಿ ಒಡೆದುಹೋಯಿತು.

ಅಕ್ಟೋಬರಿನಲ್ಲಿ ಕೊಲೆ ಯತ್ನದ ಮೊಕದ್ದಮೆ ವಿಚಾರಣೆಗೆ ಬಂತು. ಹೆಡ್ಲಿಯ ಪರ ನಿಂತವಳು ಚುರುಕಾದ ವಕೀಲೆ. "ನೀವಾಗೇ ಕೈ ಬಿಟ್ರಿ, ಆಮೇಲೆ ಆಕೆ ಹೊಡೆದ್ಲು. ಕೇಸು ನಿಂತಿರೋದೇ ಇದರ ಮೇಲೆ," ಎಂದು ಜೈಲಿಗೆ ಬಂದಾಗಲೆಲ್ಲ ಹೇಳುತ್ತಿದ್ದಳು. ಅವನು ಹೂಂ ಎಂದೂ ಅನ್ನುತ್ತಿರಲಿಲ್ಲ, ಊಹೂಂ ಎಂದೂ ಅನ್ನುತ್ತಿರಲಿಲ್ಲ.

ಸಾಕ್ಷಿಕಟ್ಟೆಯಲ್ಲಿ ನೊರೀನ್‌ಳನ್ನು ವಕೀಲೆ ಮೆಲ್ಲಗೆ ಸುತ್ತಿಹಾಕಿದಳು. "ನೀವು ಗಾಬರೀಲಿ ಓಡಿಬರ್ತಿದ್ರಿ. ಅವರ ಕೈ ನಿಮಗೆ ಕಾಣಿಸ್ತಿತ್ತಾ? ಅಷ್ಟರಲ್ಲೇ ಬಿಟ್ಟಿರಬಹುದಲ್ವಾ?"

ನೊರೀನ್ ಕಟಕಟೆಯ ಮರವನ್ನು ಉಗುರಿನಿಂದ ಕೆರೆದಳು. "ಬೆನ್ನು ಕಾಣಿಸ್ತು," ಎಂದಳು. "ಕೈ... ನಂಗೆ ಗೊತ್ತಿಲ್ಲ. ಬಿಟ್ಟಿದ್ರೂ ಬಿಟ್ಟಿರಬಹುದು."

ವಕೀಲೆ ತೃಪ್ತಿಯಿಂದ ಕೂತಳು. ಮರುದಿನ ಬೆಳಿಗ್ಗೆ ಹೆಡ್ಲಿಯ ಸರದಿ. ಎಡಗಿವಿ ಸತ್ತುಹೋಗಿದ್ದರಿಂದ ಅವನು ತಲೆ ಓರೆ ಮಾಡಿ ಪ್ರಶ್ನೆ ಕೇಳಿಸಿಕೊಂಡ.

"ಮಿಸ್ಟರ್ ಥರ್ಕೆಟಲ್, ನಿಮ್ಮ ತಮ್ಮನ ಚಲನೆ ನಿಂತಿದ್ದು ಗೊತ್ತಾದ ತಕ್ಷಣ ಏನು ಮಾಡಿದ್ರಿ?"

ವಿಲ್ಫ್ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ನೊರೀನ್; ತಾನು ಕಂಡದ್ದನ್ನು ತಾನೇ ನಂಬಲಾಗದವಳ ಹಾಗೆ ಕೂತಿದ್ದಳು. ಅವಳ ಮುಖ ನೋಡಲಾರದೆ ಹೆಡ್ಲಿ ಜ್ಯೂರಿಯ ಕಡೆ ತಿರುಗಿದ.

"ಬಿಡ್ಲಿಲ್ಲ," ಎಂದ.

"ಪ್ರಶ್ನೆ ಸರಿಯಾಗಿ ಕೇಳಿಸ್ಲಿಲ್ಲ ಅನ್ನಿಸತ್ತೆ. ನಾನು..."

"ಕೇಳಿಸ್ತಮ್ಮ. ನಾನು ಕೈ ಬಿಡ್ಲಿಲ್ಲ. ಅವನು ಅಲ್ಲಾಡ್ತಿಲ್ಲ ಅಂತ ಗೊತ್ತಿತ್ತು, ಆದ್ರೂ ಬಿಡ್ಲಿಲ್ಲ. ನೊರೀನ್ ಹೊಡೆದಿದ್ದಕ್ಕೆ ಬಿಟ್ಟಿದ್ದು. ಅವಳು ಬರದೇ ಇದ್ದಿದ್ರೆ ಅವನು ಇವತ್ತು ಇಲ್ಲಿ ಕೂತಿರ್ತಿರಲಿಲ್ಲ. ಅವಳು ತಪ್ಪು ನೋಡಿಲ್ಲ, ಅವಳನ್ನ ಇನ್ನು ಕೇಳ್ಬೇಡಿ."

ವಕೀಲೆ ಕಾಗದಗಳನ್ನು ಜೋಡಿಸತೊಡಗಿದಳು. ನೊರೀನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ವಿಲ್ಫ್ ಆ ವಿಚಾರಣೆಯಲ್ಲಿ ಮೊದಲ ಸಲ ತಲೆ ಎತ್ತಿ ಅಣ್ಣನನ್ನು ನೋಡಿದ. ಕರುಣೆಯಿಂದಲ್ಲ. ಕುಸ್ತಿಯಲ್ಲಿ ಎದುರಾಳಿಯನ್ನು ಅಳೆಯುವವರ ಹಾಗೆ, ಕಣ್ಣು ಮಿಟುಕಿಸದೆ ನೋಡಿದ. ಹೆಡ್ಲಿಯೂ ಕಣ್ಣು ತಪ್ಪಿಸಲಿಲ್ಲ.

ಹನ್ನೆರಡು ವರ್ಷ ಶಿಕ್ಷೆಯಾಯಿತು. ಹೆಡ್ಲಿಯನ್ನು ಕೆಳಗಿನ ಸೆರೆಕೋಣೆಗೆ ಕರೆದೊಯ್ಯುವಾಗ ಒಡಕು ಧ್ವನಿಯೊಂದು "ಹೆಡ್ಲಿ" ಎಂದು ಕರೆಯಿತು. ಯಾವ ಕಡೆಯಿಂದ ಬಂತೆಂದು ಒಂದೇ ಕಿವಿಗೆ ತಿಳಿಯಲಿಲ್ಲ. ತಿರುಗಿ ನೋಡುವಷ್ಟರಲ್ಲಿ ವಿಲ್ಫ್‌ಗೆ ಕೆಮ್ಮು ಒತ್ತರಿಸಿ ಬಂದಿತ್ತು, ಮಾತು ಮುಂದುವರಿಯಲಿಲ್ಲ. ನೊರೀನ್ ಅವನ ಬೆನ್ನು ನೀವುತ್ತಿದ್ದಳು. ಕಾವಲಿನವನು ಹೆಡ್ಲಿಯ ತೋಳು ಹಿಡಿದು, ಮೆಟ್ಟಿಲು ಕಡಿದಾಗಿದೆ, ನೋಡ್ಕೊಂಡು ಇಳೀರಿ ಎಂದ.